ಚೀಟಿಯಲ್ಲಿದ್ದ ಹೆಸರು

ಅರಸೀಕೆರೆಯ ತಾಲ್ಲೂಕು ಆಸ್ಪತ್ರೆಯಲ್ಲಿ
ಚೀಟಿಗೆ ಆಗ ಎರಡು ರೂಪಾಯಿ.
ಕಿಂಡಿಯ ಆಚೆಯಿಂದ ಹೆಸರು ಕೇಳಿದಾಗ
ಅವಳ ಬಾಯಿ ತೆರೆಯಿತು, ಮಾತು ಬರಲಿಲ್ಲ.
ನಾನು ಹೇಳಿಬಿಟ್ಟೆ: ಸರ್ವಮಂಗಳ.
ಪರೀಕ್ಷೆಯಲ್ಲಿ ಶಾಯಿ ಮುಗಿದವಳಿಗೆ
ಪೆನ್ನು ದಾಟಿಸುವಷ್ಟೇ ಸಲೀಸಾಗಿ.

ವಯಸ್ಸು? ಹದಿನೇಳು.
ಊರು? ಅಲ್ಲಿ ತಡವರಿಸಿದೆ,
ಬಾಣಾವರ ಅಂದೆ, ಅದು ಇಬ್ಬರದೂ ಅಲ್ಲ.
ತಂದೆಯ ಹೆಸರೋ, ಗಂಡನ ಹೆಸರೋ
ಎಂದು ಆತ ಪೆನ್ನು ಎತ್ತಿ ಕಾದ.
ಹಿಂದೆ ನಿಂತಿದ್ದ ಮುದುಕಿ ಕೆಮ್ಮಿದಳು.
ಅಪ್ಪನ ಹೆಸರು ಕೊಟ್ಟೆ. ನನ್ನಪ್ಪನದು.
ಆ ಹೊತ್ತಿನಲ್ಲಿ ಅವರು
ಎಪಿಎಂಸಿಯಲ್ಲಿ ಕೊಬ್ಬರಿ ತೂಗಿಸುತ್ತಿದ್ದರು.

ಹತ್ತೊಂಬತ್ತು ದಿನ ತಡ.
ಅವಳ ಮನೆಯಲ್ಲಿ ಮುಟ್ಟಾದವರು
ಹಿತ್ತಿಲ ಜಗಲಿಯಲ್ಲಿ ಮೂರು ದಿನ ಕೂರಬೇಕು.
ಆಗದೆಯೇ ಕೂತಿದ್ದಳು.
ಬೇರೆ ತಟ್ಟೆ, ಬೇರೆ ಲೋಟ, ಬೇರೆ ಚಾಪೆ,
ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು
ಒಳಗೆ ಹೋಗಿದ್ದಳು.
ಒಗೆದು ಹರವಿದ ಬಟ್ಟೆಯಲ್ಲಿ ಕಲೆಯ ಗುರುತಿಲ್ಲದ್ದನ್ನು
ಯಾರೂ ನೋಡಲಿಲ್ಲ.
ಅಥವಾ ಅವಳಜ್ಜಿ ನೋಡಿಯೂ ಸುಮ್ಮನಿದ್ದರೋ,
ಇವತ್ತಿಗೂ ತಿಳಿಯದು.

ಪರಂಗಿಕಾಯಿ ತಿಂದಿದ್ದಳು. ಎಳ್ಳು, ಬೆಲ್ಲ.
ಮಾಲೇಕಲ್ಲು ತಿರುಪತಿಯ ಮೆಟ್ಟಿಲನ್ನು
ಒಂದೇ ದಿನ ಎರಡು ಸಲ ಹತ್ತಿ, ಹಾರುತ್ತಾ ಇಳಿದಿದ್ದಳು.
ಮಗಳಿಗೆ ಭಕ್ತಿ ಬಂತು ಎಂದು
ಅವಳಮ್ಮ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರು.

ಅವನು? ಹುಬ್ಬಳ್ಳಿ ರೈಲು ಹತ್ತಿ
ಮಾವನ ಮನೆಗೆ ಹೋದವನು
ಹಾಲ್ ಟಿಕೆಟ್ಟಿಗೂ ವಾಪಸ್ಸು ಬರಲಿಲ್ಲ.
ಅವನ ಬಗ್ಗೆ ಇಷ್ಟು ಸಾಕು.

ಡಾಕ್ಟರಮ್ಮ ಚೀಟಿ ಓದಿದರು.
ನನ್ನನ್ನು ನೋಡಿದರು, ಅವಳನ್ನು ನೋಡಿದರು,
ಟೇಬಲ್ಲಿನ ಕೆಳಗೆ ನಮ್ಮ ನಾಲ್ಕು ಕಾಲು ನೋಡಿದರು.
ನಡುಗುತ್ತಿದ್ದದ್ದು ಎರಡೇ.
"ಚೀಟಿ ಯಾರದಾದ್ರೂ ಇರಲಿ ಕಣ್ರಮ್ಮ,
ತಿಂಗಳು ನಿಂತಿರೋದು ಯಾರದು?"

ಹೊರಗೆ ಸ್ಟೇಷನ್ನಿನ ಮೈಕು
ಯಾವುದೋ ಗಾಡಿ ತಡವಾಗಿ ಬರುತ್ತಿದೆಯೆಂದು
ಮೂರು ಭಾಷೆಯಲ್ಲಿ ಕ್ಷಮೆ ಕೇಳಿತು.
ಅವಳಿಗೆ ನಗು ಬಂತು. ಆಮೇಲೆ ಅಳು.
ಡಾಕ್ಟರಮ್ಮ ಎದ್ದು ಬಾಗಿಲ ಅಗಳಿ ಹಾಕಿದರು.

ಬೈಯಲಿಲ್ಲ.
ಬೈಗುಳಕ್ಕೆಂದೇ ಬಸ್ಸಿನಲ್ಲಿ
ಉತ್ತರಗಳನ್ನು ಬಾಯಿಪಾಠ ಮಾಡಿಕೊಂಡಿದ್ದೆವು,
ಎಲ್ಲ ದಂಡವಾಯಿತು.
ತಾರೀಖು ಕೇಳಿದರು. ಯಾರಾದರೂ ಬಲವಂತ ಮಾಡಿದರಾ ಎಂದು
ನನ್ನನ್ನು ಹೊರಗೆ ಕಳಿಸಿ ಕೇಳಿದರಂತೆ.
ತೊಳೆದ ಇಂಜೆಕ್ಷನ್ ಸೀಸೆಯೊಂದನ್ನು ಕೈಗಿಟ್ಟು
ನಾಳೆ ಎದ್ದ ತಕ್ಷಣದ್ದು ತಾ ಅಂದರು.
"ಇದ್ರೆ ದಾರಿ ಇದೆ. ಇಲ್ದಿದ್ರೂ
ಕಣ್ಣು ಬಿಳುಚಿದೆ, ರಕ್ತ ಕಮ್ಮಿ, ಅದನ್ನೂ ನೋಡ್ಬೇಕು.
ಮೆಡಿಕಲ್‌ನವನ ಮಾತ್ರೆ ಬೇಡ, ಯಾರ ಕಷಾಯವೂ ಬೇಡ.
ಮನೇಲಿ ಒಬ್ರಿಗೆ ಹೇಳು. ಒಬ್ರು ಸಾಕು.
ಬಾಯಿ ಬರದಿದ್ರೆ ಕರ್ಕೊಂಡು ಬಾ,
ನಾನು ಹೇಳ್ತೀನಿ."

ಮಾರನೆಯ ದಿನ ಏಳರ ಬಸ್ಸಿನಲ್ಲಿ ಆ ಸೀಸೆ
ಅವಳ ಜಾಮೆಟ್ರಿ ಬಾಕ್ಸಿನೊಳಗೆ
ಕೈವಾರದ ಪಕ್ಕ ಮಲಗಿತ್ತು.
ಹಂಪು ಬಂದಾಗಲೆಲ್ಲ
ಇಬ್ಬರೂ ಒಟ್ಟಿಗೆ ಕೈಯಿಟ್ಟು ಹಿಡಿದೆವು.

ಏನೆಂದು ಬಂತು, ಹೇಳುವುದಿಲ್ಲ.
ಅದು ಅವಳದು. ಅವಳ ಹೆಸರನ್ನೂ
ಇಲ್ಲಿ ಬರೆದಿಲ್ಲ, ಗಮನಿಸಿರಬಹುದು.
ಆಸ್ಪತ್ರೆಯ ಹಳೆಯ ದಫ್ತರದಲ್ಲಿ, ಗೆದ್ದಲು ಉಳಿಸಿದ್ದರೆ,
ನಾನಿದ್ದೇನೆ, ನನ್ನಪ್ಪ ಇದ್ದಾರೆ,
ಸುಳ್ಳು ಬಾಣಾವರವೂ ಇದೆ.

ನನ್ನ ಮದುವೆಯ ಮಾತು ನಡೆದಾಗ
ಗಂಡಿನ ಸೋದರಮಾವ ಅದೇ ಆಸ್ಪತ್ರೆಯ ಗುಮಾಸ್ತರೆಂದು ತಿಳಿದು
ಒಂದು ರಾತ್ರಿ ನಿದ್ದೆ ಬರಲಿಲ್ಲ.
ಒಂದೇ ರಾತ್ರಿ.

ಇದನ್ನು ಅವಳಿಗೆ ಮೊನ್ನೆ ಫೋನಿನಲ್ಲಿ ಹೇಳಿದೆ,
ಇಷ್ಟು ವರ್ಷದ ಮೇಲೆ.
ತುಂಬ ಹೊತ್ತು ಸುಮ್ಮನಿದ್ದಳು,
ಅವಳ ಅಡುಗೆಮನೆಯ ಕುಕ್ಕರ್ ಎರಡು ಸಲ ಕೂಗಿತು.
ಆಮೇಲೆ ಕೇಳಿದಳು:
"ಆ ಎರಡು ರೂಪಾಯಿನೂ ನೀನೇ ಕೊಟ್ಟಿದ್ದೆ, ಅಲ್ವೇನೇ?"